ಗೇಣುದ್ದದ ಹಳೆಯ ನೂಲು

“ಹೊಸ ಜಾಗಕ್ಕೆ ಹೋದ ಮೇಲೆ ಹಳೆಯದನ್ನೆಲ್ಲ ಮರೆತುಬಿಡಬೇಕು ಎಂದು ನಮ್ಮವ್ವ ನಾನು ಚಿಕ್ಕವನಿದ್ದಾಗಿನಿಂದ ಹೇಳುತ್ತಿದ್ದಳು. ಅದು ನಿಜವೇ, ಗುರುಗಳೇ?”

ಕೇಳಿದವನು ಚೆನ್ನವೀರ. ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲಿ ಕನ್ನಡದಲ್ಲೇ ಓದಿ, ಈ ವರ್ಷ ಪಟ್ಟಣದ ಕಾಲೇಜಿನಲ್ಲಿ ವಿಜ್ಞಾನಕ್ಕೆ ಸೇರಿದ್ದ. ಗುರುಗಳು ನಡೆಸುವ ವಿದ್ಯಾರ್ಥಿನಿಲಯದಲ್ಲಿ ಅವನ ವಾಸ. ಅವನ ತೊಡೆಯ ಮೇಲೆ ಹತ್ತನೆಯ ತರಗತಿಯ ನೋಟುಪುಸ್ತಕಗಳ ಕಟ್ಟು ಇತ್ತು. ಸಂಜೆಯ ಪ್ರಾರ್ಥನೆ ಮುಗಿದೊಡನೆ ಅದನ್ನು ಬಚ್ಚಲೊಲೆಗೆ ಹಾಕಿ, ಬೆಳಗಾದರೆ ಊರಿನ ಬಸ್ಸು ಹತ್ತಬೇಕೆಂದು ಅವನು ಮನಸ್ಸಿನಲ್ಲೇ ನಿಶ್ಚಯಿಸಿದ್ದ.

“ಏನಾಯಿತು?” ಎಂದರು ಗುರುಗಳು.

“ತರಗತಿಯಲ್ಲಿ ಸರ್ ಇಂಗ್ಲಿಷಿನಲ್ಲಿ ಆಕ್ಸಲರೇಷನ್ ಪಾಠ ಮಾಡುತ್ತಿದ್ದರು. ಎದ್ದುನಿಂತು, ವೇಗೋತ್ಕರ್ಷ ಎಂದರೆ ಇದೇ ಏನು ಸರ್, ಎಂದು ಕೇಳಿದೆ. ಆ ಕನ್ನಡ ಮಾತನ್ನು ಗೇಟಿನ ಹೊರಗೆ ಬಿಟ್ಟು ಬಾ ಎಂದರು. ಎಲ್ಲರೂ ನಕ್ಕರು. ನಮ್ಮ ನಿಲಯದವರೂ ನಕ್ಕರು. ಈಗ ಕಾಲೇಜಿನಲ್ಲಿ ನನ್ನ ಹೆಸರೇ ವೇಗೋತ್ಕರ್ಷ.”

ಪ್ರಾರ್ಥನೆಗೆ ಕೂತಿದ್ದ ಹುಡುಗರ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಗುರುಗಳು ಅತ್ತ ಒಮ್ಮೆ ನೋಡಿ ಕತೆ ತೆಗೆದರು.

“ಒಬ್ಬ ನೇಕಾರನಿದ್ದ. ತನ್ನ ಹಳ್ಳಿಯಲ್ಲಿ ಹತ್ತಿಯ ಸೀರೆ ನೇಯುತ್ತಿದ್ದವನು ರೇಷ್ಮೆ ನೇಯುವ ಆಸೆಯಿಂದ ಪಟ್ಟಣದ ಯಜಮಾನನೊಬ್ಬನ ಮಗ್ಗಕ್ಕೆ ಬಂದ. ಬರುವಾಗ ತನ್ನ ಹಣಿಗೆಯನ್ನು ಬಟ್ಟೆಯಲ್ಲಿ ಸುತ್ತಿ ತಂದ. ಹಣಿಗೆ ಎಂಬುದು ಉದ್ದನೆಯ ಬಾಚಣಿಗೆಯಂಥದು. ಹಾಸು, ಎಂದರೆ ಮಗ್ಗದ ಮೇಲೆ ಉದ್ದಕ್ಕೆ ಹಾಸಿದ ನೂಲು; ಅದರ ಸಾವಿರಾರು ಎಳೆಗಳು ಹಣಿಗೆಯ ಸಂದುಗಳಲ್ಲಿ ಹಾದುಹೋಗುತ್ತವೆ. ಒಂದು ಹಾಸು ನೇಯ್ದು ಮುಗಿದಾಗ ನೇಕಾರರು ಎಲ್ಲವನ್ನೂ ಕಿತ್ತು ತೆಗೆಯುವುದಿಲ್ಲ. ಗೇಣುದ್ದ ಹಳೆಯ ನೂಲನ್ನು ಹಣಿಗೆಯಲ್ಲೇ ಬಿಡುತ್ತಾರೆ. ಅದರ ಒಂದೊಂದು ಎಳೆಯ ತುದಿಗೆ ಹೊಸದರ ಒಂದೊಂದು ಎಳೆಯನ್ನು ಹೊಸೆದು ಎಳೆದರೆ, ಹೊಸ ಎಳೆಗಳು ತಮ್ಮ ತಮ್ಮ ಸಂದನ್ನು ಸೇರುತ್ತವೆ.

“ಹತ್ತು ದಿನದಲ್ಲಿ ಮದುವೆಯ ಸೀರೆಯೊಂದು ಆಗಬೇಕಿತ್ತು. ನೇಕಾರ ಹಣಿಗೆಗೆ ಸುತ್ತಿದ್ದ ಬಟ್ಟೆ ಬಿಚ್ಚಿದ; ಅದರಲ್ಲಿ ಊರಿನ ಹತ್ತಿಯ ನೂಲು ಗೇಣುದ್ದ ಉಳಿದಿತ್ತು. ‘ಇದೇನಯ್ಯಾ, ಈ ಒರಟು ಹತ್ತಿಯನ್ನು ನನ್ನ ರೇಷ್ಮೆಗೆ ಮುಟ್ಟಿಸುತ್ತೀಯಾ?’ ಎಂದ ಯಜಮಾನ.

“‘ಎಳೆಗಳ ಲೆಕ್ಕ ಎರಡಕ್ಕೂ ಒಂದೇ, ಯಜಮಾನರೇ. ಗೇಣುದ್ದ ಇರಲಿ’ ಎಂದ ನೇಕಾರ.

“‘ಇರಲಿ ಬಿಡಿ ಧಣಿ, ಮದುಮಗಳು ಹಸೆಯ ಮೇಲೆ ಮೈ ತುರಿಸಿಕೊಳ್ಳಲಿ!’ ಎಂದು ಪಕ್ಕದ ಮಗ್ಗದವನು ಕೂಗಿದ. ಮಗ್ಗದವರೆಲ್ಲ ನಕ್ಕರು. ಯಜಮಾನ ಕತ್ತರಿ ಚಾಚಿದ. ನಾಚಿಕೆಯಿಂದ ಕುಗ್ಗಿದ ನೇಕಾರ ಹಳೆಯ ನೂಲನ್ನೆಲ್ಲ ಕತ್ತರಿಸಿ ಎಸೆದ.

“ಸಾವಿರಾರು ಸಂದುಗಳು ಬರಿದಾದವು. ಒಂದೊಂದೇ ಎಳೆಯನ್ನು ಪೋಣಿಸಲು ಕೂತ. ಒಂದು ತಪ್ಪಿದರೆ ಮುಂದಿನವೆಲ್ಲ ತಪ್ಪು. ಪೋಣಿಸಿದ, ಬಿಚ್ಚಿದ, ಮತ್ತೆ ಪೋಣಿಸಿದ. ಮದುವೆಯ ದಿನ ಬಂದಾಗ ಮಗ್ಗದ ಮೇಲೆ ಒಂದು ಅಂಗುಲದ ಸೀರೆಯೂ ಇರಲಿಲ್ಲ. ಹಳ್ಳಿಯವರ ಕೈಗೆ ರೇಷ್ಮೆ ಒಗ್ಗುವುದಿಲ್ಲ ಎಂದು ಯಜಮಾನ ಸಾರಿದ. ಊರು ನಂಬಿತು. ಅನ್ಯಾಯ ನೋಡಿ, ಆ ನೇಕಾರನೂ ನಂಬಿದ!”

ಗುರುಗಳ ದನಿ ಅಷ್ಟು ಗಡುಸಾದದ್ದನ್ನು ಚೆನ್ನವೀರ ಎಂದೂ ಕೇಳಿರಲಿಲ್ಲ. ಅವನ ಕೈ ಪುಸ್ತಕದ ಕಟ್ಟನ್ನು ಬಿಗಿಯಾಗಿ ಹಿಡಿಯಿತು.

“ತಪ್ಪು ನೇಕಾರನದೇ ಅಲ್ಲವೇ, ಗುರುಗಳೇ? ಕತ್ತರಿಸಿದ ಕೈ ಅವನದು.”

“ಅವನು ಹೆದರಿದ್ದ. ಯಜಮಾನ ಒಂದು ದಿನವೂ ಮಗ್ಗದಲ್ಲಿ ಕೂತವನಲ್ಲ, ಅವನಿಗೆ ತಿಳಿಯದು.”

“ಹಾಗಾದರೆ ಯಾರದು?”

ಗುರುಗಳು ಹಿಂದಿನ ಸಾಲಿನತ್ತ ತಿರುಗಿದರು. ಅಲ್ಲಿದ್ದವರೆಲ್ಲ ಹಳ್ಳಿಯ ಕನ್ನಡ ಶಾಲೆಗಳಿಂದಲೇ ಬಂದವರು.

“ನಕ್ಕವರದು. ಅವರೆಲ್ಲರ ರೇಷ್ಮೆಯೂ ಇಂಥದೇ ಗೇಣುದ್ದ ಹತ್ತಿಯ ತುದಿ ಹಿಡಿದೇ ಮಗ್ಗಕ್ಕೆ ಬಂದಿತ್ತು.”

ಹಿಂದಿನ ಸಾಲಿನಲ್ಲಿ ಒಂದು ತಲೆಯೂ ಮೇಲೇಳಲಿಲ್ಲ.

ಚೆನ್ನವೀರ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಎದ್ದುನಿಂತ.

“ನಾಳೆ ಕಾಲೇಜು ಬಿಟ್ಟು ಊರಿಗೆ ಹೋಗುವವನಿದ್ದೆ. ಹೋಗುವುದಿಲ್ಲ. ಅದೇ ತರಗತಿಯಲ್ಲಿ ಎದ್ದುನಿಂತು, ಅದೇ ಪ್ರಶ್ನೆಯನ್ನು ಅದೇ ಮಾತಿನಲ್ಲಿ ಕೇಳುತ್ತೇನೆ. ನಗುವವರು ನನ್ನ ಮುಖ ನೋಡಿ ನಗಲಿ.”