ಮೂರು ಒಡ್ಡಿನ ಹೊಳೆ

ಮುರಿಗೆಪ್ಪನಿಗೆ ಹೊಳೆ ಬಾಯಿಪಾಠವಾಗಿತ್ತು. ಹಾಗೆಂದು ಬೇರೆ ಯಾರೂ ಹೇಳಿರಲಿಲ್ಲ, ಅವನೇ ಎಲ್ಲರ ಮುಂದೆ ಹೇಳಿಕೊಂಡು ತಿರುಗುತ್ತಿದ್ದ.

ಅವನ ಗುರು ಹಾಲಜ್ಜ. ಹೊಳೆದಂಡೆಯ ಆಶ್ರಮದಲ್ಲಿ ಧ್ಯಾನ, ಪಾಠಗಳ ಜೊತೆಗೆ ದೋಣಿ ನಡೆಸುವುದನ್ನೂ ಕಲಿಸುತ್ತಿದ್ದರು. ಬಿದಿರಿನ ಚೌಕಟ್ಟಿಗೆ ಡಾಂಬರು ಬಳಿದ ದಪ್ಪ ಬಟ್ಟೆ ಬಿಗಿದ ಹಗುರ ದೋಣಿ ಅದು. ಇಬ್ಬರು ಕೂತರೆ ತುಂಬಿಹೋಗುತ್ತಿತ್ತು.

ಆಶ್ರಮದಿಂದ ಕೆಳಗಿನ ಮಠದವರೆಗೆ ಹೊಳೆಗೆ ಮೂರು ಒಡ್ಡುಗಳು. ಕಾಲುವೆಗೆ ನೀರು ತಿರುಗಿಸಲು ಯಾವ ಕಾಲದಲ್ಲೋ ಕಟ್ಟಿದ ಗಿಡ್ಡ ಕಲ್ಲಿನ ಗೋಡೆಗಳು. ಶಿಷ್ಯನಾದವನು ಒಬ್ಬನೇ ದೋಣಿ ತೆಗೆದುಕೊಂಡು ಮಠ ಮುಟ್ಟಿದರೆ ಅವನ ಕೊರಳಿಗೆ ಹಾರ ಬೀಳುತ್ತಿತ್ತು. ಅಂದಿನಿಂದ ಅವನು ಬೇರೆಯವರನ್ನು ದೋಣಿಯಲ್ಲಿ ಕೂರಿಸಿಕೊಳ್ಳಬಹುದಿತ್ತು. ಆ ಹಾರಕ್ಕಾಗಿ ಮುರಿಗೆಪ್ಪ ಮೂರು ವರ್ಷದಿಂದ ಜೀವ ಬಿಡುತ್ತಿದ್ದ.

ಕೊನೆಗೂ ಅಜ್ಜ ಒಂದು ಸೋಮವಾರ ಗೊತ್ತು ಮಾಡಿದರು. ಆದರೆ ಭಾನುವಾರವೇ ಮೇಲೆಲ್ಲೋ ಮಳೆಯಾಗಿ, ಬೆಳಗಾಗುವಷ್ಟರಲ್ಲಿ ಹೊಳೆ ಎರಡಾಳು ಏರಿತ್ತು.

ಮುರಿಗೆಪ್ಪನಿಗೆ ಖುಷಿಯೋ ಖುಷಿ.

"ಅಜ್ಜಾರ, ನೋಡ್ರಿ. ಮೊದಲನೇ ಒಡ್ಡು ಕಾಣವಲ್ದು. ನೀರು ತಾಟಿನಂಗ ಸಪಾಟ ಐತಿ."

"ದಿನಾ ಎಲ್ಲಿ ದಾಟತಿದ್ದಿ?"

"ಎಮ್ಮಿಬೆನ್ನಿನ ಕಲ್ಲಿನ ಎಡಕ್ಕ, ಮೂರು ಮಾರು. ನಿದ್ದಿಗಣ್ಣಾಗ ಕೇಳಿದರೂ ಹೇಳತೀನ್ರಿ."

"ಆ ಕಲ್ಲು ಎಲ್ಲೈತಿ?"

ಮುರಿಗೆಪ್ಪ ಹುಡುಕಿದ. ಕಲ್ಲಿರಲಿಲ್ಲ.

"ಅದೂ ಮುಳುಗೇತ್ರಿ. ಛಲೋನ ಆತಲ್ರಿ, ಅಡ್ಡ ಬರೋದು ಏನೂ ಇಲ್ಲ."

ಈಜು ಕಲಿಯುವವರು ಸೊಂಟಕ್ಕೆ ಕಟ್ಟಿಕೊಳ್ಳುವ ಒಣ ಸೋರೆಬುರುಡೆಯೊಂದನ್ನು ಅಜ್ಜ ಗೂಟದಿಂದ ತೆಗೆದುಕೊಂಡು ಒಡ್ಡಿನ ಹತ್ತಿರ ನಡೆದರು. ಸ್ವಲ್ಪ ಮೇಲಿನಿಂದ ಅದನ್ನು ನೀರಿಗೆ ಎಸೆದರು.

ಬುರುಡೆ ಗತ್ತಿನಿಂದ ತೇಲುತ್ತ ಹೋಗಿ ಒಡ್ಡಿನಾಚೆ ಜಾರಿತು. ಅಲ್ಲಿಂದ ಮುಂದೆ ಹೋಗುವುದನ್ನು ಬಿಟ್ಟು, ಹಿಂದಕ್ಕೆ ಒಡ್ಡಿನ ಕಡೆಗೇ ಬಂತು. ಬೀಳುವ ನೀರು ಅದನ್ನು ಅದುಮಿ ಮುಳುಗಿಸಿತು. ಎದ್ದಿತು. ಮತ್ತೆ ಹಿಂದಕ್ಕೇ ಬಂತು.

ಅಜ್ಜ ದಂಡೆಯ ಮೇಲೆ ಕೂತು ಬುತ್ತಿ ಬಿಚ್ಚಿದರು. ಎರಡು ರೊಟ್ಟಿ ಮುಗಿಯಿತು. ಬುರುಡೆ ಅಲ್ಲೇ ಮುಳುಗೇಳುತ್ತಿತ್ತು.

"ಅದನ್ಯಾಕ ಬಿಡವಲ್ದು ಅಜ್ಜಾರ?"

"ನೀರು ಅಂದ್ರ ಮುಂದ ಹೋಗೋದು ಅಂತ ನೀ ತಿಳಕೊಂಡಿ. ತುಂಬಿದಾಗ ಈ ಒಡ್ಡಿನ ಬುಡಕ್ಕ ಅದು ಹಿಂದ ಬರತೈತಿ."

"ಹಂಗಾರ ಇವತ್ತ ಹೋಗೋದು ಬ್ಯಾಡೇನ್ರಿ?"

"ನಾ ಎಲ್ಲಿ ಬ್ಯಾಡಂದೆ? ಹಾರ ಬಾಡತೈತಿ. ನಾ ಬಸ್ಸಿಗೆ ಹೋಗಿ ಮಠದ ಮೆಟ್ಟಿಲ ಮ್ಯಾಲೆ ಕುಂತಿರತೀನಿ."

ಕೈ ತೊಳೆದುಕೊಂಡು ಅಜ್ಜ ಹೊರಟೇಬಿಟ್ಟರು.

ಮುರಿಗೆಪ್ಪ ಒಬ್ಬನೇ ಉಳಿದ. ನೀರಿಗಿಳಿದರೆ ಜೀವದ ಭಯ, ಇಳಿಯದಿದ್ದರೆ ಮಾನದ ಭಯ. ಅವನಿಗಿಂತ ಮುಂಚಿನ ಆರು ಮಂದಿ ಶಿಷ್ಯರೂ ನೀರಿನ ಮೇಲೆಯೇ ಹೋದವರು. ಬುರುಡೆಯನ್ನು ಇನ್ನೊಮ್ಮೆ ನೋಡಿದ. ಕೊನೆಗೆ ದೋಣಿಯನ್ನು ತಲೆಯ ಮೇಲೆ ಕವುಚಿಕೊಂಡು ದಂಡೆಗುಂಟ ನಡೆದು, ಒಡ್ಡು ದಾಟಿದ ಮೇಲೆ ನೀರಿಗಿಳಿದ.

ಎರಡನೇ ಒಡ್ಡಿನ ಹತ್ತಿರ ದಡಕ್ಕೆ ಬಂದು ನಿಂತ. ಅದು ಇಳಿಜಾರಾಗಿ ಕಟ್ಟಿದ್ದು. ಒಣಕೊಂಬೆ ಎಸೆದ. ಎಲ್ಲೂ ತಿರುಗದೆ ಸೀದಾ ಹೋಯಿತು. ನಂಬದೆ ಇನ್ನೊಂದು ಎಸೆದ. ಅದೂ ಹೋಯಿತು. ಆಮೇಲೆ ದೋಣಿ ಬಿಟ್ಟ. ಹೊಳೆ ಅವನನ್ನು ಎತ್ತಿ ಆಚೆ ಇಳಿಸಿತು. ಮುರಿಗೆಪ್ಪ ಒಬ್ಬನೇ ಜೋರಾಗಿ ನಕ್ಕ.

ಮೂರನೆಯದನ್ನೂ ಹೀಗೇ ದಾಟಿದರಾಯಿತು ಅಂದುಕೊಂಡ. ಆದರೂ ಕೊಂಬೆ ಎಸೆದ. ಹೋದ ಕೊಂಬೆ ಹೊರಗೆ ಬರಲೇ ಇಲ್ಲ. ಬಹಳ ಹೊತ್ತು ಕಾದ. ಮಠ ಅಲ್ಲೇ ಕಾಣುತ್ತಿತ್ತು. ಅಳುವುದೊಂದು ಬಾಕಿ. ಮತ್ತೆ ದೋಣಿ ತಲೆಯ ಮೇಲೇರಿತು. ದಂಡೆಯೆಲ್ಲ ಮುಳುಗಿದ್ದರಿಂದ ಕಬ್ಬಿನ ಗದ್ದೆಯ ಕೆಸರಿನಲ್ಲಿ ಸುತ್ತು ಹಾಕಿ ನಡೆದ.

ಮಠದ ಮೆಟ್ಟಿಲ ಮೇಲೆ ಎಲ್ಲರೂ ಹಣೆಗೆ ಕೈ ಹಚ್ಚಿ ಹೊಳೆಯನ್ನೇ ನೋಡುತ್ತಿದ್ದರು. ಮುರಿಗೆಪ್ಪ ಅವರ ಬೆನ್ನ ಹಿಂದಿನಿಂದ ಬಂದ.

ಸಪ್ಪಳ ಕೇಳಿ ಮೊದಲು ತಿರುಗಿದವಳು ಮಠದಲ್ಲಿ ಅಡುಗೆ ಮಾಡುವ ಗೌರವ್ವ. ತಲೆಯ ಮೇಲೆ ದೋಣಿ, ಮೊಣಕಾಲ ತನಕ ಕೆಸರು.

"ತಮ್ಮಾ, ಹೊಳಿ ಈ ಕಡೆ ಐತಿ," ಅಂದಳು.

ಮೆಟ್ಟಿಲೆಲ್ಲ ನಕ್ಕಿತು. ಮುರಿಗೆಪ್ಪನ ಕಿವಿ ಬಿಸಿಯಾದವು. ದೋಣಿ ಇಳಿಸಿ ಗುರುವಿನ ಮುಂದೆ ತಲೆ ತಗ್ಗಿಸಿ ನಿಂತ.

"ಅಜ್ಜಾರ, ನೀರಿನ ಮ್ಯಾಲೆ ದಾಟಿದ್ದು ಒಂದ ಒಡ್ಡು. ಎರಡಕ್ಕ ದೋಣಿ ಹೊತ್ಕೊಂಡು ಬಂದೀನಿ. ಹಾರ ಬ್ಯಾಡ್ರಿ. ನೀರು ಇಳಿದ ಮ್ಯಾಲೆ ಮತ್ತೊಮ್ಮೆ ಹೋಗತೀನಿ."

ಅಜ್ಜ ತಗ್ಗಿಸಿದ ತಲೆಗೇ ಹಾರ ಹಾಕಿದರು.

"ಇದ್ಯಾಕ್ರಿ?"

ಅಜ್ಜ ಅಡುಗೆಮನೆಯ ಕಡೆ ಕೈ ಮಾಡಿದರು. ಗೌರವ್ವ ಆಗಲೇ ಒಳಗೆ ಹೋಗಿದ್ದಳು.

"ಗೌರವ್ವ ಇಪ್ಪತ್ತು ವರ್ಷ ಆತು, ಹೊಳಿ ದಂಡಿ ಮ್ಯಾಲಿದ್ದೂ ಒಮ್ಮೆನೂ ದೋಣಿ ಹತ್ತಿಲ್ಲ. ದೋಣಿಯಿಂದ ದಂಡಿಗೆ ಇಳಿಯಾಕ ಬರೋ ಅಂಬಿಗ ಸಿಗಲಿ, ಆಮ್ಯಾಲೆ ಹತ್ತತೀನಿ ಅಂತಿದ್ಲು. ಅಲ್ನೋಡು, ನಾಳಿ ನಿನ್ನ ದೋಣ್ಯಾಗ ಅಕ್ಕನ ಊರಿಗೆ ಹೋಗಾಕ ಗಂಟು ಕಟ್ಟಾಕತ್ಯಾಳ."