ಅಧ್ಯಕ್ಷರು ಓಡಿಸಿದ ಕಾರು

ದಾವಣಗೆರೆಯ ಬಟ್ಟೆ ವರ್ತಕರ ಸಂಘಕ್ಕೆ ಹೊಸ ಕಂಪ್ಯೂಟರ್ ಬೇಕಿತ್ತು. ಇದ್ದ ಕೆಲಸ ಪತ್ರ ಟೈಪ್ ಮಾಡುವುದು, ರಸೀದಿ ತೆಗೆಯುವುದು, ಅಷ್ಟೇ. ಅದಕ್ಕೆ ಸಾಮಾನ್ಯ ಪ್ರೊಸೆಸರ್ ಸಾಕಿತ್ತು. ಆದರೆ ಅಧ್ಯಕ್ಷ ಕೊಟ್ರಪ್ಪನವರು, "ದುಬಾರಿ ಗೇಮಿಂಗ್ ಪ್ರೊಸೆಸರೇ ಬೇಕು. ಸಂಘದ ಮರ್ಯಾದೆ ಪ್ರಶ್ನೆ," ಎಂದು ಹಟ ಹಿಡಿದರು. ಅದನ್ನು ತಂದರೆ ದುಡ್ಡು ಉಳಿಯದೆ, ಗುಮಾಸ್ತನ ತಲೆ ಮೇಲೆ ಫ್ಯಾನ್ ಬರುವ ಹಾಗಿರಲಿಲ್ಲ.

"ನೀವೇ ನೋಡಿ ಆರಿಸಿಬಿಡಿ ಸಾರ್," ಎಂದು ಗುಮಾಸ್ತ ಅವರನ್ನು ಅಂಗಡಿಗೆ ಕರೆದೊಯ್ದ. ಅಲ್ಲಿ ಎರಡು ಕಂಪ್ಯೂಟರ್ ಇಟ್ಟಿದ್ದರು. ಒಂದರಲ್ಲಿ ರಸೀದಿ ತೆರೆದಿತ್ತು, ಇನ್ನೊಂದರಲ್ಲಿ ಕಾರ್ ರೇಸ್.

ರಸೀದಿಯ ಮುಂದೆ ಕೊಟ್ರಪ್ಪನವರು ಆಕಳಿಸಿದರು. ಕಾರಿನ ಮುಂದೆ ಕೂತವರು ಏಳಲೇ ಇಲ್ಲ. ತಿರುವು ಬಂದಾಗಲೆಲ್ಲ ಕುರ್ಚಿಯಲ್ಲೇ ವಾಲುತ್ತಿದ್ದರು. ತರಿಸಿದ ಕಾಫಿ ಆರಿಹೋಯಿತು.

"ಇದಪ್ಪಾ ಗೇಮಿಂಗ್ ಪ್ರೊಸೆಸರ್ ಅಂದ್ರೆ. ಆ ಇನ್ನೊಂದು ಎತ್ತಿನ ಗಾಡಿ. ಇದನ್ನೇ ಪ್ಯಾಕ್ ಮಾಡ್ಸು."

"ಆಗ್ಲಿ ಸಾರ್. ಆದ್ರೆ ಗೇಮಿಂಗ್ ಪ್ರೊಸೆಸರ್ ಇರೋದು ಆ ರಸೀದಿ ಕಂಪ್ಯೂಟರ್‌ನಲ್ಲಿ. ನೀವು ಓಡಿಸಿದ್ದು ಸಾಮಾನ್ಯದ್ದು. ನಾನೇ ಹಾಗೆ ಇಡೋಕೆ ಹೇಳಿದ್ದೆ."

ಕೊಟ್ರಪ್ಪನವರು ಅಂಗಡಿಯವನ ಮುಖ ನೋಡಿದರು. ಅವನು ಹೌದೆಂದು ತಲೆಯಾಡಿಸಿದ. ಸ್ವಲ್ಪ ಹೊತ್ತು ಮೀಸೆ ತೀಡಿಕೊಂಡರು.

"ಸರಿ, ಇದೇ ಇರ್ಲಿ. ಉಳಿದ ದುಡ್ಡಲ್ಲಿ ಫ್ಯಾನ್ ಹಾಕಿಸ್ಕೋ," ಎಂದು ಎದ್ದರು. ಬಾಗಿಲ ಹತ್ತಿರ ನಿಂತು, ದನಿ ಇಳಿಸಿ ಹೇಳಿದರು: "ಅದ್ರಲ್ಲಿರೋ ಆ ಕಾರು ಮಾತ್ರ ತೆಗೀಬೇಡ."