ಎರಡು ದಡದ ಬೆಂಕಿ ರೋಗ

ಮರುಳಯ್ಯನ ಸಿಟ್ಟು ನೆತ್ತಿಗೇರಿತ್ತು. ಹೊಳೆಯ ಈಚೆ ದಡದ ಆಶ್ರಮಕ್ಕೆ ಅವನೇ ಬೇಸಾಯಗಾರ. ಅನ್ನದಾನಕ್ಕೆಂದು ನಟ್ಟ ಕೆಂಪು ಭತ್ತವೆಲ್ಲ ಬೆಂಕಿ ರೋಗ ತಗುಲಿ ಜೊಳ್ಳಾಗಿತ್ತು. ಕಣಜ ಬರಿದಾಗಿತ್ತು.

"ಆಚೆ ದಡದ ಆಶ್ರಮದ ಕಲ್ಲಯ್ಯ ಮಹಾ ಖದೀಮ, ಗುರುಗಳೇ! 'ಎರಡನೆಯದು ಬಂದಿದೆ, ಎಚ್ಚರ' ಅಂತ ಹೇಳಿ ಕಳಿಸಿದ. ಎರಡನೆಯದು ಬಿಳಿ ಭತ್ತ ತಿನ್ನುವಂಥದ್ದು. ಅದಕ್ಕೇ ಕೆಂಪು ನಟ್ಟೆ. ಬಂದದ್ದು ನೋಡಿದರೆ ಮೊದಲನೆಯದು!"

ಆ ಸೀಮೆಯ ಬೆಂಕಿ ರೋಗದಲ್ಲಿ ಎರಡು ವಂಶ. ಎಲೆಯ ಮೇಲೆ ಚುಕ್ಕೆ ಬಿದ್ದಾಗ ಬ್ರಹ್ಮನಿಗೂ ವ್ಯತ್ಯಾಸ ಕಾಣದು. ಒಂದು ಕೆಂಪು ಭತ್ತವನ್ನು ತಿಂದರೆ ಇನ್ನೊಂದು ಬಿಳಿಯದನ್ನು ತಿನ್ನುತ್ತದೆ. ಅದಕ್ಕೇ ಎರಡೂ ಆಶ್ರಮದವರು ಬದುವಿನ ಪಕ್ಕ ಎರಡೂ ತಳಿಯ ಹಿಡಿಹಿಡಿ ಪೈರು ಬೆಳೆಸುತ್ತಿದ್ದರು. ಯಾವುದು ಸುಟ್ಟಿತೋ ನೋಡಿ, ಬಂದ ವಂಶ ಯಾವುದೆಂದು ತಿಳಿಯುತ್ತಿದ್ದರು. ತಂತಮ್ಮ ದಡಕ್ಕೆ ಬಂದ ಸರದಿಯಂತೆ ಮೊದಲನೆಯದು, ಎರಡನೆಯದು ಎಂದು ಹೆಸರಿಡುತ್ತಿದ್ದರು.

"ಆಚೆ ದಡಕ್ಕೆ ಮೊದಲು ಬಂದದ್ದು ಯಾವುದು?" ಗುರುಗಳು ಕೇಳಿದರು.

"ನನಗೇನು ಗೊತ್ತು?"

"ಬಿಳಿಯದನ್ನು ತಿನ್ನುವುದು."

ಹಾಗಾದರೆ ಅವರ ಎರಡನೆಯದೇ ತಮ್ಮ ಮೊದಲನೆಯದೆಂದು ಮರುಳಯ್ಯ ಬೆರಳು ಮಡಚಿ ಲೆಕ್ಕ ಹಾಕಿದ.

"ಹೆಸರು ಹೊಂದಿಸಿಕೊಳ್ಳೋಣ ಅಂತ ಕಲ್ಲಯ್ಯ ಬಂದಿದ್ದನಲ್ಲ?"

"ಬಂದಿದ್ದ. ದೋಣಿ ಇಳಿಯಲೂ ಬಿಡಲಿಲ್ಲ ನಾನು. ಹಿರಿಯ ಆಶ್ರಮ ನಮ್ಮದು. ಬೇಕಿದ್ದರೆ ಅವರೇ ಬದಲಿಸಿಕೊಳ್ಳಲಿ ಅಂದೆ."

ಗುರುಗಳ ಕಣ್ಣು ಕೆಂಪಾಯಿತು. ಬಾಳೆ ಎಲೆಗಳ ಕಟ್ಟನ್ನು ತಂದು ಅವನ ಕಾಲ ಬುಡಕ್ಕೆ ಎಸೆದರು.

"ಹೊರಗೆ ಪಂಕ್ತಿ ಕೂತಿದೆ. ಹೋಗು, ಎಲೆ ಹಾಕು."

"ಬಡಿಸುವುದಕ್ಕೆ ಏನಿದೆ, ಗುರುಗಳೇ?"

"ನಿನ್ನ ಹಿರಿತನ ಇದೆಯಲ್ಲ, ಬಡಿಸು!"

ಅವನೂ ಸಿಟ್ಟಿನಲ್ಲೇ ಹೊರಟ. ಸರಸರನೆ ಎಲೆ ಹಾಕುತ್ತ ಹೋದ. ಕೊನೆಯಲ್ಲಿ ಕೂತಿದ್ದ ಮುದುಕಿ ತನ್ನ ಎಲೆಗೆ ನೀರು ಚಿಮುಕಿಸಿ, ಒರೆಸಿ, ತಲೆಯೆತ್ತಿ ಕೇಳಿದಳು: "ಅನ್ನ ಇಳಿಸಿದರೇನಪ್ಪಾ?"

ಮರುಳಯ್ಯನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ನಾಚಿಕೆಯಿಂದ ಮೈ ಉರಿಯಿತು. ಒಳಗೆ ಬಂದು ದೋಣಿಯ ಹುಟ್ಟನ್ನು ಕೈಗೆತ್ತಿಕೊಂಡ.

"ಆಚೆ ದಡಕ್ಕೆ ಹೋಗುತ್ತೇನೆ. ಅಕ್ಕಿ ಬೇಡಿ ತರುತ್ತೇನೆ. ಅವನಿಟ್ಟ ಹೆಸರೇ ಎರಡೂ ದಡಕ್ಕಿರಲಿ ಅನ್ನುತ್ತೇನೆ."

ಹೊಸ್ತಿಲಲ್ಲಿ ತಿರುಗಿ ನಿಂತ.

"ಆದರೂ ಸೋತವನು ನಾನಾದೆನಲ್ಲ, ಗುರುಗಳೇ!"

"ಆವತ್ತು ದೋಣಿ ಬಳಿ ಗೆದ್ದಿದ್ದೆಯಲ್ಲ, ಮರುಳಯ್ಯ. ಗದ್ದೆ ನೋಡಿಕೊಂಡು ಹೋಗು."